ಅಂಟು ಪಟ್ಟಿಯೂ ತೊಡೆಯ ಬಲವೂ

(ಮೈಸೂರಿನಲ್ಲಿ ಬೆಳಗಿನ ನಡಿಗೆಯ ಗೆಳೆಯರು, ದೈಹಿಕ ಶಿಕ್ಷಣದ ಮೇಷ್ಟ್ರುಗಳು ಮತ್ತು ಕೆಲವು ಗರಡಿ ಹುಡುಗರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೀಲಿ, ಕಪ್ಪು, ಗುಲಾಬಿ ಬಣ್ಣದ ಆ ಹಿಗ್ಗುವ ಅಂಟು ಪಟ್ಟಿ, ಅಂದರೆ ಕಿನೀಸಿಯಾಲಜಿ ಟೇಪ್, ಈಗ ನಮ್ಮೂರಲ್ಲಿ ಎಲ್ಲಿ ನೋಡಿದರೂ ಕಾಣುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರ ಮಂಡಿಯ ಮೇಲಿದೆ. ಗೋಕುಲಂ ಕಡೆ ಯೋಗ ಮುಗಿಸಿ ಎಳನೀರು ಕುಡಿಯುತ್ತ ನಿಂತ ವಿದೇಶಿಯರ ತೊಡೆಯ ಹಿಂಭಾಗದಲ್ಲಿದೆ. ಖೋ ಖೋ ಆಡುವ ಹುಡುಗಿಯರ ಮೀನಖಂಡದ ಮೇಲೂ ಇದೆ. ಔಷಧಿ ಅಂಗಡಿಯಲ್ಲಿ ರೋಲ್ ಲೆಕ್ಕದಲ್ಲಿ ಸಿಗುತ್ತದೆ, ಮೊಬೈಲ್ ಬಿಚ್ಚಿದರೆ ಹೇಗೆ ಹಚ್ಚಬೇಕೆಂದು ತೋರಿಸುವ ವಿಡಿಯೊಗಳೂ ಸಿಗುತ್ತವೆ. ನಾನು ಫಿಸಿಯೋಥೆರಪಿ ಮಾಡುವವನು, ಈ ಪಟ್ಟಿಯನ್ನು ನಾನೂ ಹಚ್ಚುತ್ತೇನೆ. ಹಚ್ಚಿಸಿಕೊಂಡವರು ಎದ್ದು ನಾಲ್ಕು ಹೆಜ್ಜೆ ನಡೆದು ಕೇಳುವ ಪ್ರಶ್ನೆ ಒಂದೇ: "ಇದರಿಂದ ಕಾಲಿಗೆ ಶಕ್ತಿ ಬರುತ್ತಲ್ವಾ ಸಾರ್?"

ಬರುವುದಿಲ್ಲ. ಇವತ್ತಿನ ಮಾತೆಲ್ಲ ಈ ಒಂದು ಉತ್ತರದ ಬಗ್ಗೆಯೇ. ಹಾಗಿದ್ದೂ ನಾನು ಯಾಕೆ ಹಚ್ಚುತ್ತೇನೆ ಎಂಬುದಕ್ಕೂ ಬರುತ್ತೇನೆ.

ಚರಿತ್ರೆಯನ್ನು ಚುಟುಕಾಗಿ ಮುಗಿಸಿಬಿಡುತ್ತೇನೆ. ಜಪಾನಿನ ಕೆಂಜೊ ಕಾಸೆ ಎಂಬ ಕೈರೋಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) 1970ರ ದಶಕದಲ್ಲಿ ರೂಪಿಸಿದ್ದು ಇದು. ಅಲ್ಲಿಯವರೆಗೆ ಆಟಗಾರರಿಗೆ ಗೊತ್ತಿದ್ದದ್ದು ಬಿಳಿಯ, ಹಿಗ್ಗದ ಜಿಂಕ್ ಆಕ್ಸೈಡ್ ಟೇಪ್. ಅದನ್ನು ಸುತ್ತಿದರೆ ಕೀಲು ಆಡುವುದಿಲ್ಲ, ಸುತ್ತುವುದೂ ಅದಕ್ಕೇ. ಕಾಸೆಗೆ ಬೇಕಾಗಿದ್ದದ್ದು ಚರ್ಮದ ಹಾಗೇ ಹಿಗ್ಗುವ, ಕೀಲನ್ನು ಕಟ್ಟಿಹಾಕದ ಪಟ್ಟಿ. ಹತ್ತಿಯ ಬಟ್ಟೆಗೆ ಹಿಗ್ಗುವ ಎಳೆ ಸೇರಿಸಿ, ಹಿಂಬದಿಗೆ ಅಲೆಅಲೆಯಾಗಿ ಅಕ್ರಿಲಿಕ್ ಅಂಟು ಬಳಿದದ್ದು ಆ ಪಟ್ಟಿ. ಉದ್ದಕ್ಕೆ ಎಳೆದರೆ ತನ್ನ ಅಳತೆಗಿಂತ ಶೇ. 40ರಿಂದ 60ರಷ್ಟು ಹಿಗ್ಗುತ್ತದೆ, ಅಡ್ಡಕ್ಕೆ ಹಿಗ್ಗುವುದಿಲ್ಲ. ಮೈಯ ಬಿಸಿಗೆ ಅಂಟು ಬಿಗಿಯುತ್ತದೆ. ಸ್ನಾನ ಮಾಡಿದರೂ ಮೂರ‍್ನಾಲ್ಕು ದಿನ ನಿಲ್ಲುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಜೇಡರ ಕಾಲಿನಂತೆ ಕಪ್ಪು ಪಟ್ಟಿ ಹಚ್ಚಿಕೊಂಡು ಆಡಿ ಚಿನ್ನ ಗೆದ್ದರು. 2012ರ ಯೂರೊ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಗೋಲು ಹೊಡೆದ ಇಟಲಿಯ ಮಾರಿಯೊ ಬಾಲೊಟೆಲಿ ಅಂಗಿ ಬಿಚ್ಚಿ ನಿಂತಾಗ ಬೆನ್ನಿನ ಮೇಲೆ ಮೂರು ನೀಲಿ ಗೆರೆ. ಅಂಥ ಜಾಹೀರಾತನ್ನು ದುಡ್ಡು ಕೊಟ್ಟು ಮಾಡಿಸಲಾಗುವುದಿಲ್ಲ. ಅಲ್ಲಿಂದ ಮುಂದೆ ಪಟ್ಟಿ ಊರೂರಿಗೆ ಹಬ್ಬಿತು. ಬಣ್ಣದ ಬಗ್ಗೆಯೂ ಕೇಳುತ್ತಾರೆ. ನೀಲಿ ತಂಪು, ಕೆಂಪು ಬಿಸಿ ಎನ್ನುವುದೆಲ್ಲ ಮಾರಾಟದ ಮಾತು, ನಿಮಗೆ ಯಾವುದು ಇಷ್ಟವೋ ಅದನ್ನು ಹಚ್ಚಿಕೊಳ್ಳಿ.

ಇನ್ನು ಸ್ನಾಯುವಿನ ವಿಷಯ. ಈ ಪಟ್ಟಿಯ ಪರವಾಗಿ ಹೇಳುವವರ ಮುಖ್ಯ ವಾದ ಹೀಗಿದೆ: ಸ್ನಾಯು ಶುರುವಾಗುವ ಕಡೆಯಿಂದ ಕೊನೆಯಾಗುವ ಕಡೆಗೆ ಪಟ್ಟಿ ಎಳೆದು ಹಚ್ಚಿದರೆ ಸ್ನಾಯು ಚುರುಕಾಗುತ್ತದೆ, ಉಲ್ಟಾ ಹಚ್ಚಿದರೆ ಸಡಿಲಾಗುತ್ತದೆ. ಕೋರ್ಸುಗಳಲ್ಲಿ ಇದನ್ನು ಬಾಣದ ಗುರುತು ಹಾಕಿ ಕಲಿಸುತ್ತಾರೆ. ಕೇಳಲು ಎಷ್ಟು ಅಚ್ಚುಕಟ್ಟಾಗಿದೆ ಎಂದರೆ, ನಿಜವಲ್ಲ ಎಂದು ಗೊತ್ತಾದ ಮೇಲೂ ಬಿಡಲು ಮನಸ್ಸಾಗುವುದಿಲ್ಲ.

ನಿಮ್ಮ ತೊಡೆಯ ಮುಂಭಾಗ ಮುಟ್ಟಿಕೊಳ್ಳಿ. ಅಲ್ಲಿರುವುದು ಕ್ವಾಡ್ರಿಸೆಪ್ಸ್. ನಾಲ್ಕು ತಲೆಯ ಸ್ನಾಯು, ಮಂಡಿಚಿಪ್ಪಿನ ಮೂಲಕ ಮೊಣಕಾಲಿನ ಕೆಳಗೆ ಬಂದು ಅಂಟಿಕೊಳ್ಳುತ್ತದೆ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಅದಕ್ಕಿಂತ ಹೆಚ್ಚಾಗಿ ಮೆಟ್ಟಿಲು ಇಳಿಯುವುದು ಇದರ ಕೆಲಸ. ಬೆಟ್ಟದಿಂದ ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿಚಿಪ್ಪು ತೊಡೆಮೂಳೆಯನ್ನು ಒತ್ತುವ ಭಾರ ನಿಮ್ಮ ಮೈತೂಕದ ಮೂರು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಎಪ್ಪತ್ತು ಕೆ.ಜಿ. ಮನುಷ್ಯನಿಗೆ ಇನ್ನೂರು ಕೆ.ಜಿ. ದಾಟಿತು ಅಂದುಕೊಳ್ಳಿ. ಅಷ್ಟು ಒತ್ತಡ ಹುಟ್ಟುವುದು ಈ ಸ್ನಾಯು ಎಳೆಯುವುದರಿಂದ. ಈಗ ಪಟ್ಟಿ ಎಲ್ಲಿದೆ ನೋಡಿ: ಚರ್ಮದ ಮೇಲೆ. ಚರ್ಮದ ಕೆಳಗೆ ಕೊಬ್ಬಿನ ಪದರ, ಅದರ ಕೆಳಗೆ ಗಟ್ಟಿ ಪೊರೆ, ಆಮೇಲೆ ಸ್ನಾಯು. ಐದು ಸೆಂಟಿಮೀಟರ್ ಅಗಲದ ಬಟ್ಟೆಯನ್ನು ಎಷ್ಟೇ ಬಿಗಿಯಾಗಿ ಎಳೆದರೂ ಅದರ ಜಗ್ಗಾಟ ಚರ್ಮದಲ್ಲೇ ಮುಗಿಯುತ್ತದೆ. ಬೆಟ್ಟಕ್ಕೆ ಹೊರಟ ಬಸ್ಸಿಗೆ ಹಿಂದಿನಿಂದ ಒಂದು ಕೈ ಒತ್ತು ಕೊಟ್ಟಷ್ಟೇ ಸಹಾಯ ಅದು.

"ಒತ್ತು ಕೊಡದಿದ್ದರೂ ನರವನ್ನು ಎಬ್ಬಿಸುತ್ತಲ್ಲ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ನಾಯುವಿನ ಬಲ ಎರಡು ಕಡೆಯಿಂದ ಬರುತ್ತದೆ. ಒಂದು, ಸ್ನಾಯು ಎಷ್ಟು ದಪ್ಪವಿದೆ ಎನ್ನುವುದು. ಇನ್ನೊಂದು, ಮಿದುಳು ಮತ್ತು ಬೆನ್ನುಹುರಿ ಅದರಲ್ಲಿ ಎಷ್ಟು ನಾರುಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯುತ್ತವೆ, ಎಷ್ಟು ಬೇಗ ಬೇಗ ಸಂದೇಶ ಕಳಿಸುತ್ತವೆ ಎನ್ನುವುದು. ಹೊಸದಾಗಿ ವ್ಯಾಯಾಮ ಶುರುಮಾಡಿದವರಿಗೆ ಮೊದಲ ಕೆಲವು ವಾರಗಳಲ್ಲಿ ಕಾಲು ಗಟ್ಟಿಯಾದ ಹಾಗೆ ಅನಿಸುವುದು ಬಹುಪಾಲು ಈ ಎರಡನೆಯದರಿಂದಲೇ. ತೊಡೆ ಇನ್ನೂ ದಪ್ಪ ಆಗಿರುವುದಿಲ್ಲ. ಹಾಗಾಗಿ ಚರ್ಮವನ್ನು ಎಳೆದು, ಅಲ್ಲಿನ ಸ್ಪರ್ಶದ ನರಗಳನ್ನು ಮೀಟಿ, ಬೆನ್ನುಹುರಿಗೆ "ಇನ್ನಷ್ಟು ನಾರು ಕರಿ" ಎಂದು ಹೇಳಿಸಬಹುದು ಎನ್ನುವ ಊಹೆ ಹುಚ್ಚು ಊಹೆಯಲ್ಲ. ಆದರೆ ಅಳೆದು ನೋಡಬೇಕಲ್ಲವೇ? ನೋಡಿದ್ದಾರೆ.

2012ರಲ್ಲಿ ಇಟಲಿಯ ಸಂಶೋಧಕರು 36 ಆರೋಗ್ಯವಂತರ ತೊಡೆಗೆ ಮೂರು ಬೇರೆ ಬೇರೆ ದಿನ ಮೂರು ಬಗೆಯಲ್ಲಿ ಪಟ್ಟಿ ಹಚ್ಚಿದರು. ಒಮ್ಮೆ ಚುರುಕಾಗಿಸುವ ದಿಕ್ಕಿನಲ್ಲಿ, ಒಮ್ಮೆ ಸಡಿಲಗೊಳಿಸುವ ದಿಕ್ಕಿನಲ್ಲಿ, ಒಮ್ಮೆ ಸುಮ್ಮನೆ ಹುಸಿಯಾಗಿ. ಮೂರರಲ್ಲೂ ಮಂಡಿ ಚಾಚುವ ಬಲದಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಸಿಗಲಿಲ್ಲ. ಬಾಣದ ಗುರುತಿನ ಕಥೆ ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ಅದಕ್ಕಿಂತ ಚಂದದ ಪ್ರಯೋಗ 2015ರಲ್ಲಿ ಹಾಂಗ್‌ಕಾಂಗ್‌ನಿಂದ ಬಂತು. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಂಥ ವಿಷಯದಲ್ಲಿ ಮೋಸ ಹೋಗದೆ ಇರುವುದು ಹೇಗೆ ಎಂಬ ಪಾಠ ಅದರಲ್ಲಿದೆ. ತೊಂದರೆ ಏನೆಂದರೆ, ಪಟ್ಟಿ ಹಚ್ಚಿಸಿಕೊಂಡವನಿಗೆ ಅದು ಕಣ್ಣಿಗೆ ಕಾಣುತ್ತದೆ. ಟಿವಿಯಲ್ಲಿ ಒಲಿಂಪಿಕ್ಸ್ ನೋಡಿದ್ದಾನೆ, ಇದು ಬಲ ಕೊಡುತ್ತದೆ ಎಂದು ಕೇಳಿದ್ದಾನೆ. ಅಂಥವನನ್ನು ಯಂತ್ರದ ಮೇಲೆ ಕೂರಿಸಿ "ಒದಿ" ಎಂದರೆ ಸ್ವಲ್ಪ ಜೋರಾಗೇ ಒದೆಯುತ್ತಾನೆ. ಅದು ಪಟ್ಟಿಯ ಬಲವೋ ನಂಬಿಕೆಯ ಬಲವೋ ಹೇಗೆ ಹೇಳುತ್ತೀರಿ? ಹಾಂಗ್‌ಕಾಂಗ್‌ನವರು ಇದಕ್ಕೊಂದು ಉಪಾಯ ಹೂಡಿದರು. ಈ ಪಟ್ಟಿಯ ಬಗ್ಗೆ ಏನೂ ತಿಳಿಯದ 30 ಜನರನ್ನು ಹುಡುಕಿದರು. ಅವರ ಕಣ್ಣಿಗೆ ಬಟ್ಟೆ ಕಟ್ಟಿದರು. "ತೊಡೆಗೆ ಸ್ನಾಯು ಅಳೆಯುವ ಸೆನ್ಸರ್ ಅಂಟಿಸುತ್ತೇವೆ" ಎಂದು ಹೇಳಿ ಅಂಟಿಸಿದ್ದು ಈ ಪಟ್ಟಿಯನ್ನೇ. ಒಮ್ಮೆ ಸರಿಯಾದ ಎಳೆತದಲ್ಲಿ, ಒಮ್ಮೆ ಹುಸಿಯಾಗಿ, ಇನ್ನೊಮ್ಮೆ ಪಟ್ಟಿಯೇ ಇಲ್ಲದೆ. ಕಾಲು ಆಡುವ ವೇಗವನ್ನು ಒಂದೇ ಹದದಲ್ಲಿ ಹಿಡಿದು ಬಲ ಅಳೆಯುವ ಐಸೊಕೈನೆಟಿಕ್ ಯಂತ್ರದಲ್ಲಿ ಸೆಕೆಂಡಿಗೆ 60 ಡಿಗ್ರಿ ಮತ್ತು 180 ಡಿಗ್ರಿ ವೇಗದಲ್ಲಿ ಮಂಡಿ ಚಾಚಿಸಿ ಗರಿಷ್ಠ ಬಲವನ್ನು, ಒಟ್ಟು ಕೆಲಸವನ್ನು, ಗರಿಷ್ಠ ಬಲಕ್ಕೆ ಮುಟ್ಟಲು ಹಿಡಿದ ಸಮಯವನ್ನು ಅಳೆದರು. ಮೂರು ಸ್ಥಿತಿಗಳಲ್ಲೂ ಫಲಿತಾಂಶ ಒಂದೇ. ಗೊತ್ತಿಲ್ಲದವನ ತೊಡೆಗೆ ಪಟ್ಟಿ ಏನೂ ಮಾಡಲಿಲ್ಲ.

ಅದೇ ವರ್ಷ ಇನ್ನೊಂದು ತಂಡ ಅದುವರೆಗಿನ 19 ಅಧ್ಯಯನಗಳ, 530 ಜನರ ಅಂಕಿಅಂಶ ಒಟ್ಟು ಹಾಕಿ ನೋಡಿತು. ತೊಡೆಯಾಗಲಿ, ಮೀನಖಂಡವಾಗಲಿ, ಕೈಯಾಗಲಿ, ಆರೋಗ್ಯವಂತರ ಸ್ನಾಯುಬಲದ ಮೇಲೆ ಪಟ್ಟಿಯ ಪರಿಣಾಮ ಇಲ್ಲ, ಇದ್ದರೂ ನಗಣ್ಯ ಎಂಬ ತೀರ್ಮಾನಕ್ಕೆ ಬಂತು. ಅಲ್ಲೊಂದು ಇಲ್ಲೊಂದು ಸಣ್ಣ ಅಧ್ಯಯನದಲ್ಲಿ ಹೆಚ್ಚಳ ಕಂಡಿರುವುದುಂಟು. ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದಾಗ ಮುಳ್ಳು ಅಲುಗಲಿಲ್ಲ.

ಇಲ್ಲಿ ಮಂಡ್ಯದಿಂದ ಬಂದಿದ್ದ ದೈಹಿಕ ಶಿಕ್ಷಣದ ಮೇಷ್ಟ್ರೊಬ್ಬರು ಎದ್ದು ನಿಂತರು. "ಸಾರ್, ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂದ್ರೆ ಮಕ್ಕಳು ಟೇಪ್ ಹಾಕಿ ಅಂತ ಸಾಲು ನಿಂತ್ಕೊಳ್ತಾರೆ. ಹಾಕಿದ್ರೆ ಹುರುಪಿಂದ ಓಡ್ತಾರೆ. ಹಾಕಿದ್ರೆ ತಪ್ಪೇನು?" ತಪ್ಪಿಲ್ಲ ಎಂದೆ, ಚರ್ಮ ಸರಿ ಇದ್ದರೆ. ಆದರೆ ಎರಡು ಮಾತು ಸೇರಿಸಿದೆ. ಓಡುವ ಮಗುವಿಗೆ ಮೀನಖಂಡದಲ್ಲಿ ನೋವಿದೆ ಎಂದು ಪಟ್ಟಿ ಕೇಳಿದರೆ, ಪಟ್ಟಿ ಹಚ್ಚುವ ಮೊದಲು ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಹತ್ತು ಸಲ ಎತ್ತಿಸಿ. ಎತ್ತಲಾಗದಿದ್ದರೆ ಆ ದಿನ ಓಡಿಸಬೇಡಿ. ಇನ್ನೊಂದು, ಪಟ್ಟಿಯ ದುಡ್ಡಿನಲ್ಲಿ ಓಟದ ಜಾಗದ ಹಳ್ಳದಿಣ್ಣೆ ಸರಿ ಮಾಡಿಸಲು ಆಗುವುದಾದರೆ ಮೊದಲು ಅದನ್ನು ಮಾಡಿಸಿ. ಕಣಕಾಲು ಉಳುಕುವುದು ಸ್ನಾಯು ಸಾಲದೆ ಅಲ್ಲ, ಬಹಳ ಸಲ ನೆಲ ಸರಿಯಿಲ್ಲದೆ. ಹಿಂದೆ ಕಣಕಾಲು ಉಳುಕಿಸಿಕೊಂಡ ಮಗುವಿಗೆ ಬಿಳಿಯ ಗಟ್ಟಿ ಟೇಪ್ ಅಥವಾ ಆಂಕ್ಲೆಟ್ (ಕಣಕಾಲಿಗೆ ತೊಡುವ ಆಸರೆ) ಕೊಡುವುದರಲ್ಲಿ ಅರ್ಥವಿದೆ. ಮತ್ತೆ ಉಳುಕುವುದನ್ನು ಅದು ತಡೆಯುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಗಟ್ಟಿ ಟೇಪ್ ಆಟ ಶುರುವಾದ ಅರ್ಧ ಗಂಟೆಯೊಳಗೇ ಸಡಿಲವಾಗತೊಡಗುತ್ತದೆ, ಹಾಗಾಗಿ ಆಂಕ್ಲೆಟ್ ವಾಸಿ. ಬಣ್ಣದ ಹಿಗ್ಗುವ ಪಟ್ಟಿ ಈ ಕೆಲಸಕ್ಕಲ್ಲ.

ಮಂಡಿಚಿಪ್ಪನ್ನು ಒಂದು ಪಕ್ಕಕ್ಕೆ ಸರಿಸಿ ಗಟ್ಟಿ ಟೇಪ್‌ನಿಂದ ಹಿಡಿಸುವ ಪದ್ಧತಿಯೂ ಇದೆ, ಆಸ್ಟ್ರೇಲಿಯಾದ ಫಿಸಿಯೋ ಜೆನ್ನಿ ಮೆಕಾನೆಲ್ 1980ರ ದಶಕದಲ್ಲಿ ಬಳಕೆಗೆ ತಂದದ್ದು. ಅದು ಬೇರೆ ವಿದ್ಯೆ. ವಿಡಿಯೊಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ, ಅದಕ್ಕೇ ಹೇಳಿದೆ.

ಹಾಗಾದರೆ ನಾನು ಯಾಕೆ ಹಚ್ಚುತ್ತೇನೆ? ನೋವಿಗಾಗಿ. ಅದೂ ಕೆಲವರಿಗೆ, ಕೆಲವು ದಿನಕ್ಕೆ.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ನೋವಿನ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ವ್ಯವಸ್ಥೆ ಇದೆ, ಸ್ಪರ್ಶದ ಸಂದೇಶ ಜೋರಾಗಿ ಬಂದಾಗ ಅದು ನೋವಿನ ಸಂದೇಶಕ್ಕೆ ದಾರಿ ಕಿರಿದು ಮಾಡುತ್ತದೆ ಎಂದರು. ಮೊಣಕೈ ಗೋಡೆಗೆ ತಾಗಿದ ಕೂಡಲೇ ನಾವು ಉಜ್ಜಿಕೊಳ್ಳುವುದು ಅದಕ್ಕೇ. ಪಟ್ಟಿ ದಿನವಿಡೀ ಚರ್ಮವನ್ನು ಸವರುತ್ತಿರುತ್ತದೆ. ಸಣ್ಣ ಮಟ್ಟದ ನೋವು ಇಳಿಯಲು ಅದು ಸಾಕಾಗಬಹುದು. 2008ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಭುಜನೋವಿನ 42 ಕಾಲೇಜು ವಿದ್ಯಾರ್ಥಿಗಳಿಗೆ ಸರಿಯಾದ ಪಟ್ಟಿ ಅಥವಾ ಹುಸಿ ಪಟ್ಟಿ ಹಚ್ಚಿದರು. ಸರಿಯಾದ ಪಟ್ಟಿಯವರು ಆಗಲೇ, ನೋವಿಲ್ಲದೆ ಕೈಯನ್ನು ಇನ್ನಷ್ಟು ಮೇಲೆ ಎತ್ತಿದರು. ಆಮೇಲಿನ ದಿನಗಳ ನೋವಿನಲ್ಲಿ, ಕೆಲಸಕಾರ್ಯದಲ್ಲಿ ಎರಡೂ ಗುಂಪು ಒಂದೇ. ನನ್ನ ಅನುಭವವೂ ಹೆಚ್ಚುಕಡಿಮೆ ಅದೇ: ಕೊಠಡಿಯಿಂದ ಹೊರಗೆ ಹೋಗುವಾಗಿನ ನಗು ಒಂದು ವಾರ ಉಳಿಯುವುದಿಲ್ಲ.

ಸೊಂಟನೋವಿನ ಬಗ್ಗೆಯೂ ಹೇಳಬೇಕು, ಮಂಡ್ಯದ ಕಬ್ಬಿನ ಗದ್ದೆಯಿಂದ ಬರುವವರು ಬಹುಪಾಲು ಅದಕ್ಕೇ ಬರುತ್ತಾರೆ. ಬಗ್ಗಿ ಬುಡಕ್ಕೆ ಕತ್ತಿ ಹಾಕುವುದು, ಕಟ್ಟು ಕಟ್ಟಿ ಎತ್ತುವುದು, ಲಾರಿಗೆ ತುಂಬುವುದು. ಪಟ್ಟಿಯ ಕೆಳಗೆ ಚರ್ಮ ಸುಕ್ಕುಗಟ್ಟಿ ಮೇಲೆದ್ದರೆ ಒಳಗೆ ಜಾಗ ಆಗುತ್ತದೆ, ರಕ್ತ ಓಡುತ್ತದೆ, ನೋವು ಇಳಿಯುತ್ತದೆ ಎಂಬುದು ಇನ್ನೊಂದು ಜನಪ್ರಿಯ ವಾದ. ಬ್ರೆಜಿಲ್‌ನಲ್ಲಿ ಬಹುದಿನದ ಸೊಂಟನೋವಿದ್ದ 148 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸುಕ್ಕು ಏಳುವ ಹಾಗೆ ಎಳೆದು, ಇನ್ನೊಂದಕ್ಕೆ ಎಳೆಯದೆ ಸುಮ್ಮನೆ ಪಟ್ಟಿ ಹಚ್ಚಿದರು. ನಾಲ್ಕು ವಾರದ ಕೊನೆಗೆ ಎರಡೂ ಗುಂಪಿನ ನೋವು ಇಳಿದಿತ್ತು, ಸಮಸಮವಾಗಿ. ಸುಕ್ಕಿಗೂ ನೋವಿಗೂ ಸಂಬಂಧ ಸಿಗಲಿಲ್ಲ. ಸಮಯ ಕಳೆದಿದ್ದು, ಯಾರೋ ಗಮನಿಸಿದ್ದು, ಏನೋ ಚಿಕಿತ್ಸೆ ನಡೆಯುತ್ತಿದೆ ಎಂಬ ಸಮಾಧಾನ, ಇವೆಲ್ಲ ಸೇರಿ ಇಳಿಸಿದ ನೋವು ಅದು. ಇದನ್ನು ನಾನು ಕೀಳಾಗಿ ಹೇಳುತ್ತಿಲ್ಲ. ಆದರೆ ಕೂಲಿಯ ದುಡ್ಡಿನಲ್ಲಿ ಬಂದವನಿಗೆ ಅದನ್ನೇ ವಾರಕ್ಕೆರಡು ಸಲ ಮಾರುವುದು ನನಗೆ ಒಗ್ಗುವುದಿಲ್ಲ.

ಪಟ್ಟಿ ನನಗೆ ಉಪಯೋಗಕ್ಕೆ ಬರುವುದು ಒಂದು ಸಣ್ಣ ಅವಧಿಯಲ್ಲಿ ಮಾತ್ರ. ಮಂಡಿ ಊದಿಕೊಂಡರೆ ಒಂದು ವಿಚಿತ್ರ ಆಗುತ್ತದೆ: ಕೀಲಿನೊಳಗೆ ಸ್ವಲ್ಪ ನೀರು ತುಂಬಿದರೂ ಬೆನ್ನುಹುರಿ ತೊಡೆಯ ಸ್ನಾಯುವನ್ನು ತಾನಾಗಿ ಅದುಮಿ ಹಿಡಿಯುತ್ತದೆ. ನೀವು ಎಷ್ಟೇ ಮನಸ್ಸು ಮಾಡಿದರೂ ಪೂರ್ತಿ ಬಿಗಿಯಲಾಗುವುದಿಲ್ಲ. ಒಂದೆರಡು ವಾರದಲ್ಲಿ ತೊಡೆ ಸೊರಗಿ ಎರಡು ಕಾಲಿಗೂ ಅಳತೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನೋವಿನ ಭಯಕ್ಕೆ ಆ ಕಾಲಿನ ಮೇಲೆ ಭಾರವನ್ನೇ ಹಾಕುವುದಿಲ್ಲ, ಅದರಿಂದ ಇನ್ನಷ್ಟು ಸೊರಗು. ಆಗ ಪಟ್ಟಿ ಹಚ್ಚಿ, "ಈಗ ಏಳಿ ನೋಡೋಣ" ಎಂದು ಕುರ್ಚಿಯಿಂದ ಎಬ್ಬಿಸುತ್ತೇನೆ. ಹತ್ತರಲ್ಲಿ ನಾಲ್ಕಿದ್ದ ನೋವು ಮೂರಾದರೂ ಸಾಕು, ಭಯ ಅರ್ಧ ಆಗುತ್ತದೆ, ಏಳುತ್ತಾರೆ. ತೊಡೆಗೆ ಬಲ ಬರುವುದು ಆ ಏಳುವುದರಿಂದ, ಅದನ್ನು ಮರುದಿನವೂ ಮಾಡುವುದರಿಂದ. ಆ ಪಟ್ಟಿ ಎರಡು ವಾರದಲ್ಲಿ ಬೇಡವಾಗಬೇಕು. ಮೂರು ತಿಂಗಳಾದ ಮೇಲೂ ಹಚ್ಚಿಸಿಕೊಳ್ಳಲು ಬರುತ್ತಿದ್ದಾರೆ ಎಂದರೆ ಚಿಕಿತ್ಸೆ ದಾರಿ ತಪ್ಪಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಸ್ನಾಯುವಿಗೆ ಬಲ ಹೇಗೆ ಬರುತ್ತದೆ ಎಂದು ತಿಳಿಯಲು ಮೈಸೂರಿನವರು ದೂರ ಹೋಗಬೇಕಿಲ್ಲ. ಗರಡಿಯಲ್ಲಿ ಹುಡುಗನನ್ನು ಮೊದಲ ದಿನವೇ ಮಟ್ಟಿಗೆ, ಅಂದರೆ ಕುಸ್ತಿಯ ಕಣಕ್ಕೆ, ಇಳಿಸುವುದಿಲ್ಲ. ದಂಡ, ಬಸ್ಕಿ. ಇವತ್ತು ಇಪ್ಪತ್ತೈದು, ಮುಂದಿನ ವಾರ ಮೂವತ್ತು, ಹೀಗೆ ಏರಿಸುತ್ತ ಹೋಗುತ್ತಾರೆ. ಬಸ್ಕಿ ಎಂದರೆ ಕ್ವಾಡ್ರಿಸೆಪ್ಸ್‌ಗೆ ಹೇಳಿ ಮಾಡಿಸಿದ ಕೆಲಸ. ಸ್ನಾಯು ಎಷ್ಟಕ್ಕೆ ಒಗ್ಗಿದೆಯೋ ಅದಕ್ಕಿಂತ ಸ್ವಲ್ಪ ಹೆಚ್ಚು ಕೇಳು, ಅದು ಒಗ್ಗಿದ ಮೇಲೆ ಇನ್ನೂ ಸ್ವಲ್ಪ ಕೇಳು. ಈಗಿನ ಪುಸ್ತಕಗಳಲ್ಲಿ ಇರುವ ತತ್ವವೂ ಇಷ್ಟೇ. ಅರವತ್ತು ದಾಟಿದವರು ಗರಡಿಯ ಬಸ್ಕಿ ಹೊಡೆಯಬೇಕಿಲ್ಲ. ಊಟದ ಕುರ್ಚಿಯಿಂದ ಕೈ ಊರದೆ ನಿಧಾನಕ್ಕೆ ಏಳಿ, ಅದಕ್ಕಿಂತ ನಿಧಾನಕ್ಕೆ ಕೂರಿ. ಎಂಟು ಸಲ, ಸ್ವಲ್ಪ ವಿರಾಮ, ಮತ್ತೆ ಎಂಟು. ಮಂಡಿ ಸವೆತದ ನೋವಿಗೆ ತೊಡೆ ಬಲಪಡಿಸುವ ವ್ಯಾಯಾಮದಿಂದ ಆಗುವ ಪ್ರಯೋಜನಕ್ಕೆ ಇರುವಷ್ಟು ಗಟ್ಟಿ ಪುರಾವೆ ಈ ಪಟ್ಟಿಗೆ ಯಾವತ್ತೂ ಇರಲಿಲ್ಲ. ಬೆಟ್ಟ ಇಳಿದ ಮರುದಿನ, ಅದರಾಚೆ ದಿನ ತೊಡೆ ಹಿಡಿದುಕೊಳ್ಳುತ್ತದಲ್ಲ, ಅದಕ್ಕೆ ಹೆದರಬೇಡಿ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿಯುವುದರಿಂದ ಆಗುವ ಸೆಳೆತ ಅದು, ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಗರಡಿಯ ಹುಡುಗನೊಬ್ಬ ದಸರಾ ಕುಸ್ತಿಗೆ ಪಟ್ಟಿ ಹಚ್ಚಿಕೊಂಡು ಹೋಗಬಹುದೇ ಎಂದು ಕೇಳಿದ. ಬೆವರು, ಮಟ್ಟಿಯ ಮಣ್ಣು, ಎದುರಾಳಿಯ ಹಿಡಿತ: ಅವನು ಒಂದು ಪಟ್ಟು ಹಾಕಿದರೆ ಸಾಕು, ಬಿಚ್ಚಿಬರುತ್ತದೆ ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಹಚ್ಚಿಕೊಳ್ಳುವವರಿಗೆ ಬೇಗ ಬೇಗ ಒಂದಿಷ್ಟು. ನಮ್ಮಲ್ಲಿ ಮಂಡಿನೋವು ಎಂದರೆ ಮೊದಲು ಎಣ್ಣೆ. ಎಣ್ಣೆ ಹಚ್ಚಿದ ಚರ್ಮಕ್ಕೆ ಪಟ್ಟಿ ಹಿಡಿಯುವುದಿಲ್ಲ, ತೊಳೆದು ಒಣಗಿಸಿ ಬನ್ನಿ. ತುದಿಗಳನ್ನು ದುಂಡಗೆ ಕತ್ತರಿಸಿ, ಎರಡೂ ತುದಿಯ ಎರಡು ಮೂರು ಬೆರಳಿನಷ್ಟು ಭಾಗವನ್ನು ಎಳೆಯದೆ ಅಂಟಿಸಿ. ಹೆಚ್ಚು ಎಳೆದರೆ ಹೆಚ್ಚು ಗುಣ ಎಂದು ತಿಳಿದವರಿಗೇ ತುದಿಯಲ್ಲಿ ಗುಳ್ಳೆ ಏಳುವುದು. ಮೊದಲ ಸಲವಾದರೆ ಒಂದು ಸಣ್ಣ ತುಂಡನ್ನು ಒಂದು ದಿನ ಹಚ್ಚಿ ನೋಡಿ. ಏಪ್ರಿಲ್ ಸೆಕೆಯಲ್ಲಿ ತುರಿಕೆ ಶುರುವಾದರೆ ತಡೆದುಕೊಳ್ಳಬೇಡಿ, ತೆಗೆದುಬಿಡಿ. ಗಾಯದ ಮೇಲೆ, ಸೋಂಕಿನ ಮೇಲೆ, ಕ್ಯಾನ್ಸರ್ ಗಡ್ಡೆ ಇರುವ ಜಾಗದ ಮೇಲೆ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರು ಪಾದಕ್ಕೆ ಹಚ್ಚಲೇಬೇಡಿ, ಗುಳ್ಳೆ ಎದ್ದದ್ದು ಗೊತ್ತೇ ಆಗುವುದಿಲ್ಲ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮುಟ್ಟಿದರೆ ನೋವಾದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ಅದಕ್ಕೆ ಪಟ್ಟಿಯೂ ಬೇಡ, ಮಾಲೀಸೂ ಬೇಡ, ಅವತ್ತೇ ವೈದ್ಯರ ಹತ್ತಿರ ಹೋಗಿ.

ಕೊನೆಗೆ ಒಬ್ಬ ತಾಯಿ ಕೇಳಿದರು. ಮನೆಯವರಿಗೆ ಸ್ಟ್ರೋಕ್ ಆಗಿದೆ, ಎಡ ಭುಜ ಇಳಿಬಿದ್ದು ನೋವು, ಪಟ್ಟಿಯಿಂದ ಭುಜ ಮೇಲಕ್ಕೆ ಬರುತ್ತದೆಯೇ ಎಂದು. ಭುಜದ ಕೀಲನ್ನು ಗೂಡಿನಲ್ಲಿ ಹಿಡಿದಿಡುವುದು ಅದರ ಸುತ್ತಲಿನ ಸ್ನಾಯುಗಳು. ಅವು ಸೋತಾಗ ತೋಳಿನ ಭಾರಕ್ಕೆ ಮೂಳೆ ಕೆಳಕ್ಕೆ ಜಾರುತ್ತದೆ. ಪಟ್ಟಿಯಿಂದ ಕೆಲವರಿಗೆ ನೋವು ತುಸು ಇಳಿಯುತ್ತದೆ, ನಿಮ್ಮ ಫಿಸಿಯೋ ಹಚ್ಚಿದರೆ ಬೇಡ ಅನ್ನಬೇಡಿ. ಆದರೆ ತೋಳಿನ ಭಾರ ಹೊರುವ ಶಕ್ತಿ ಆ ಬಟ್ಟೆಗಿಲ್ಲ. ಕೂತಾಗ ಮೊಣಕೈ ಕೆಳಗೆ ದಿಂಬು ಇಡಿ, ಮಲಗಿದಾಗ ತೋಳಿಗೆ ಆಸರೆ ಕೊಡಿ, ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿಸಿ. ಹಾಸಿಗೆಯಿಂದ ಎಬ್ಬಿಸುವಾಗ ಮನೆಯಲ್ಲಿ ಯಾರೇ ಆಗಲಿ ಆ ಕೈ ಹಿಡಿದು ಎಳೆಯಬಾರದು. ಬೆನ್ನಿನ ಹಿಂದೆ ಕೈ ಕೊಟ್ಟು ಎಬ್ಬಿಸಿ.